ಅಪ್ಪನ ಟ್ರಂಕಿನ ಪ್ಲೇಟುಗಳು: ಗುಜರಿಗೋ, ಹರಾಜಿಗೋ?

ಪ್ರಶ್ನೆ: ನಮ್ಮದು ಶಿರಸಿ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಹಳೆಯ ಹಿಂದಿ ಸಿನಿಮಾ ಹಾಡೆಂದರೆ ಅವರಿಗೆ ಪ್ರಾಣ. ಹೋದ ವರ್ಷ ತೀರಿಕೊಂಡರು. ಅಟ್ಟದ ಮೇಲಿನ ಟ್ರಂಕುಗಳಲ್ಲಿ ಸುಮಾರು 160 ಗ್ರಾಮಫೋನ್ ಪ್ಲೇಟು, 40 ಎಲ್‌ಪಿ, ಒಂದು ಚೀಲ ಕ್ಯಾಸೆಟ್ ಸಿಕ್ಕಿವೆ. ಕೀಲಿ ಕೊಡುವ ಗ್ರಾಮಫೋನ್ ಇನ್ನೂ ತಿರುಗುತ್ತದೆ. ಮಗ 'ಎಲ್ಲ ಮೊಬೈಲಲ್ಲೇ ಇದೆ, ಗುಜರಿಗೆ ಹಾಕಮ್ಮ' ಅನ್ನುತ್ತಾನೆ. ಭಾವ 'ಲಕ್ಷಗಟ್ಟಲೆ ಬರುತ್ತದೆ, ಯಾರಿಗೂ ತೋರಿಸಬೇಡ' ಅನ್ನುತ್ತಾರೆ. ಪ್ಲೇಟುಗಳ ಮೇಲೆ ಬಿಳಿ ಬೂಸ್ಟು ಬಂದಿದೆ, ಸ್ಪಿರಿಟ್ ಹಾಕಿ ಒರೆಸಿ ಎಂದು ಒಬ್ಬರು ಹೇಳಿದ್ದಾರೆ. 'ಮಹಲ್' ಸಿನಿಮಾದ ಪ್ಲೇಟಿನಲ್ಲಿ ಲತಾ ಹೆಸರೇ ಇಲ್ಲ, 'ಕಾಮಿನಿ' ಎಂದಿದೆ. ಅದು ನಕಲಿಯೇ? ಇನ್ನೊಂದರಲ್ಲಿ ಸುಮನ್ ಕಲ್ಯಾಣಪುರ ಎಂದಿದೆ, ಮೊಬೈಲಿನಲ್ಲಿ ಅದೇ ಹಾಡಿಗೆ ಲತಾ ಎಂದು ಬರುತ್ತದೆ. ಕೆಲವು ಹಾಡು ಮೊಬೈಲಿನಲ್ಲಿರುವುದಕ್ಕಿಂತ ಚಿಕ್ಕವು, ಶ್ರುತಿಯೂ ಬೇರೆ. ನಮ್ಮ ಪ್ಲೇಟುಗಳೇ ಕೆಟ್ಟಿವೆಯೇ? ಭೀಮಸೇನ ಜೋಶಿ ಮತ್ತು ಮನ್ನಾ ಡೇ ಹಾಡಿದ ಪ್ಲೇಟಿಗೆ ಬಿರುಕು ಬಿಟ್ಟಿದೆ. ಏನು ಮಾಡಲಿ?

ಉತ್ತರ: ಮೊದಲು ಸ್ಪಿರಿಟ್ ಬಾಟಲಿ ಒಳಗಿಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಮಾತಾಡಬಹುದು, ಇದೊಂದಕ್ಕೆ ಅವಸರವಿದೆ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ಪ್ಲೇಟು ಪ್ಲಾಸ್ಟಿಕ್ ಅಲ್ಲ, ಅರಗು. ಮರದ ಟೊಂಗೆಯ ಮೇಲೆ ಅರಗಿನ ಹುಳ ಬಿಡುವ ಅಂಟು, ಅದಕ್ಕೆ ನುಣ್ಣನೆಯ ಕಲ್ಲಿನ ಪುಡಿ, ಬಣ್ಣಕ್ಕೆ ಮಸಿ ಸೇರಿಸಿ ಬಿಸಿಯಲ್ಲಿ ಒತ್ತಿ ಮಾಡಿದ್ದು. ಬಡಗಿಗಳು ಮೇಜು ಕುರ್ಚಿಗೆ ಪಾಲಿಶ್ ಮಾಡಲು ಅರಗನ್ನು ಯಾವುದರಲ್ಲಿ ಕರಗಿಸುತ್ತಾರೆ, ನೆನಪಿಸಿಕೊಳ್ಳಿ. ಸ್ಪಿರಿಟ್ಟಿನಲ್ಲಿ. ಪ್ಲೇಟಿನ ಮೇಲೂ ಅದು ಅದೇ ಕೆಲಸ ಮಾಡುತ್ತದೆ. ಹಳೆಯ ಪ್ಲೇಟಿನ ಹಾಡನ್ನು ಡಿಜಿಟಲ್‌ಗೆ ಇಳಿಸುವುದು ನನ್ನ ಕೆಲಸ, ಹೀಗೆ ಒರೆಸಿದ ಒಂದು ಪ್ಲೇಟು ನನ್ನ ಬಳಿ ಬಂದಿತ್ತು. ಮುಟ್ಟಿದರೆ ಬೆರಳಿಗೆ ಜಿಗುಟು, ಹೊಳಪು ಹೋಗಿ ಮಾಸಲು ಬೂದು. ಮುಳ್ಳು ಇಟ್ಟರೆ ಬರೀ ಸರಸರ ಸದ್ದು, ಹಾಡು ಅದರ ಹಿಂದೆಲ್ಲೋ. ಅದನ್ನು ಮತ್ತೆ ಸರಿಮಾಡುವ ದಾರಿ ಯಾರ ಹತ್ತಿರವೂ ಇಲ್ಲ. ಸ್ಯಾನಿಟೈಸರ್, ಡೆಟಾಲ್, ಗಾಜು ಒರೆಸುವ ದ್ರಾವಣ ಯಾವುದೂ ಬೇಡ. ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ಲಾಂಗ್ ಪ್ಲೇ ತಟ್ಟೆ, ವಿನೈಲ್ ಎಂಬ ಪ್ಲಾಸ್ಟಿಕ್ಕಿನದು, ಅದರ ಮಾತು ಬೇರೆ. ಆದರೆ ಯಾವುದು ಯಾವುದೆಂದು ಗೊಂದಲ ಇರುವಾಗ ಎರಡಕ್ಕೂ ಸ್ಪಿರಿಟ್ ತಾಗಿಸದಿರುವುದೇ ಕ್ಷೇಮ.

ಬೂಸ್ಟು ಶಿರಸಿಯ ಮಳೆಗಾಲದ ಉಡುಗೊರೆ. ಮಲೆನಾಡಿನಿಂದ ಬರುವ ಪ್ಲೇಟುಗಳಲ್ಲಿ ನಾನು ಇದನ್ನು ಕಾಣದ ವರ್ಷವಿಲ್ಲ. ನೋಡಲು ಭಯವಾದರೂ ಬಹಳ ಸಲ ಅದು ಮೇಲುಮೇಲೆಯೇ ಇರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗುಲಿಯ ನೆರಳಿನಲ್ಲಿ, ಒಣಗಿದ ಮೆತ್ತನೆ ಬ್ರಷ್ಷಿನಿಂದ ಗೆರೆಗಳ ಗುಂಟ ಸುತ್ತಲೂ ಆಡಿಸಿ ಉದುರಿಸಿ. ಬಿಸಿಲಿಗೆ ಇಡಬೇಡಿ, ಅರಗು ಸೊಟ್ಟಗಾಗುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ತನ್ನಿ. ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ, ಅದೇ ನೀರು. ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಮೆತ್ತನೆ ಬಟ್ಟೆ ಅದ್ದಿ, ಹಿಂಡಿ, ಗೆರೆಯ ಗುಂಟವೇ ಒರೆಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ತಕ್ಷಣ ಒಣಬಟ್ಟೆಯಿಂದ ತೇವ ತೆಗೆಯಿರಿ. ನೀರಲ್ಲಿ ನೆನೆಹಾಕಬೇಡಿ. ನಡುವಿನ ಲೇಬಲ್ಲಿಗೆ ನೀರು ಮುಟ್ಟಬಾರದು, ಅದರ ಮೇಲೆ ಅಪ್ಪ ಪೆನ್ಸಿಲಿನಲ್ಲಿ ಏನಾದರೂ ಗುರುತು ಹಾಕಿದ್ದರೆ ಅದೂ ಹಾಗೇ ಇರಲಿ. ಒಂದನ್ನು ಮಾಡಿ ನೋಡಿ, ಕೈ ಪಳಗಿದ ಮೇಲೆ ಉಳಿದವು. ಬಿರುಕು ಬಿಟ್ಟದ್ದಕ್ಕೆ ನೀರು ಬೇಡವೇ ಬೇಡ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಅವನ ಮೇಲೆ ಕೋಪ ಬೇಡ, ಬಹಳ ಜನ ಹಾಗೆಯೇ ತಿಳಿದಿದ್ದಾರೆ. ಆದರೆ ಮೊಬೈಲಿನಲ್ಲಿ ಇರುವುದೂ ನಿಮ್ಮ ಟ್ರಂಕಿನಲ್ಲಿ ಇರುವುದೂ ಎಷ್ಟೋ ಸಲ ಒಂದೇ ಅಲ್ಲ. ನಿಮಗೆ ಕಂಡ ಆ ಮೂರು ವಿಚಿತ್ರಗಳು, ಅಂದರೆ ಹೆಸರು, ಉದ್ದ, ಶ್ರುತಿ, ಮೂರೂ ಇದಕ್ಕೇ ಸಾಕ್ಷಿ.

'ಮಹಲ್' 1949ರ ಸಿನಿಮಾ, ಸಂಗೀತ ಖೇಮಚಂದ್ ಪ್ರಕಾಶ್ ಅವರದು. ಆಗ ಹಿನ್ನೆಲೆ ಗಾಯಕರಿಗೆ ಹೆಸರಿನ ಹಕ್ಕು ಇನ್ನೂ ಗಟ್ಟಿಯಾಗಿರಲಿಲ್ಲ. ತೆರೆಯ ಮೇಲೆ ಹಾಡುವ ಪಾತ್ರದ ಹೆಸರನ್ನೇ ಪ್ಲೇಟಿನ ಮೇಲೆ ಅಚ್ಚು ಹಾಕುವ ರೂಢಿ ಇತ್ತು. ಮಧುಬಾಲಾ ಪಾತ್ರದ ಹೆಸರು ಕಾಮಿನಿ, ಹಾಗಾಗಿ 'ಆಯೇಗಾ ಆನೇವಾಲಾ' ಹಾಡಿದವರೂ ಕಾಮಿನಿ! ಹಾಡು ರೇಡಿಯೋದಲ್ಲಿ ಬಂದಾಗ ಇದು ಯಾರ ದನಿ ಎಂದು ಕೇಳಿ ಜನ ಪತ್ರದ ಮೇಲೆ ಪತ್ರ ಬರೆದರಂತೆ, ಆಮೇಲೆ ಲತಾ ಮಂಗೇಶ್ಕರ್ ಹೆಸರು ಹೊರಬಂತು. ನಿಮ್ಮ ಕೈಯಲ್ಲಿರುವುದು ನಕಲಿ ಅಲ್ಲ. ಲತಾ ಇನ್ನೂ ಲತಾ ಆಗಿರದಿದ್ದ ಕಾಲದ ಕಾಗದ ಅದು.

ಸುಮನ್ ಕಲ್ಯಾಣಪುರ ಅವರದು ಬೇರೆ ಕಥೆ, ನನಗೆ ಸಂಕಟ ತರುವ ಕಥೆ. ಅವರ ತವರಿನ ಮೂಲ ನಮ್ಮ ಕುಂದಾಪುರದ ಬಳಿಯ ಹೆಮ್ಮಾಡಿ. ದನಿ ಲತಾ ಅವರದಕ್ಕೆ ಹತ್ತಿರ. 1960ರ ದಶಕದ ಮೊದಲ ಭಾಗದಲ್ಲಿ ರಾಯಲ್ಟಿ ವಿಷಯಕ್ಕೆ ಲತಾ ಮತ್ತು ರಫಿ ಜೊತೆಯಾಗಿ ಹಾಡುವುದನ್ನು ನಿಲ್ಲಿಸಿದಾಗ ರಫಿ ಜೊತೆಗಿನ ಎಷ್ಟೋ ಯುಗಳ ಗೀತೆಗಳು ಸುಮನ್ ಅವರಿಗೆ ಬಂದವು. ಅವು ಲತಾ ಹಾಡೆಂದೇ ಅನೇಕರ ಕಿವಿಯಲ್ಲಿ ಉಳಿದವು, ಈಗ ಇಂಟರ್ನೆಟ್ಟಿಗೆ ಏರಿಸುವವರೂ ಕಿವಿ ನಂಬಿ ಹೆಸರು ಹಾಕುತ್ತಾರೆ. ಇಂಥ ಕಡೆ ನಾನು ಪ್ಲೇಟಿನ ಲೇಬಲ್ಲನ್ನು ನಂಬುತ್ತೇನೆ. ಗೊತ್ತಿಲ್ಲದವರು ಹಾಕಿದ ಹೆಸರಿಗಿಂತ ಆ ದಿನವೇ ಅಚ್ಚಾದ ಹೆಸರಿಗೆ ತೂಕ ಹೆಚ್ಚು. ಆಧಾರ ಇನ್ನೂ ಬೇಕಿದ್ದರೆ ಕಾನ್ಪುರದ ಹರಮಂದಿರ್ ಸಿಂಗ್ 'ಹಮ್‌ರಾಜ್' ಅವರು ಕಟ್ಟಿದ 'ಹಿಂದಿ ಫಿಲ್ಮ್ ಗೀತ್ ಕೋಶ್' ಇದೆ. 1931ರಿಂದ ಮುಂದಕ್ಕೆ ಸಿನಿಮಾವಾರು ಹಾಡು, ಗಾಯಕರು, ಪ್ಲೇಟಿನ ನಂಬರ್ ಎಲ್ಲ ಅದರಲ್ಲಿದೆ. ಲೇಬಲ್ಲಿನ ನಂಬರನ್ನು ಅದಕ್ಕೆ ತಾಳೆ ನೋಡಬಹುದು.

ಹಾಡು ಚಿಕ್ಕದಾಗಿರುವುದಕ್ಕೆ ಕಾರಣ ಸರಳ. ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುವುದು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ. ಸಿನಿಮಾದಲ್ಲಿ ಹಾಡು ಐದು ನಿಮಿಷ ಇದ್ದರೆ ಒಂದು ಚರಣ ಬಿಡಬೇಕು, ಇಲ್ಲವೇ ನಡುವಿನ ವಾದ್ಯ ಕತ್ತರಿಸಬೇಕು, ಅದೂ ಅಲ್ಲದಿದ್ದರೆ ಎರಡೂ ಮಗ್ಗುಲಿಗೆ ಹರಡಬೇಕು. 'ಬರಸಾತ್ ಕೀ ರಾತ್' (1960) ಚಿತ್ರದ, ಸಂಗೀತ ನಿರ್ದೇಶಕ ರೋಶನ್ ಅವರ ಕವ್ವಾಲಿ ಸುಮಾರು ಹನ್ನೆರಡು ನಿಮಿಷದ್ದು, ಒಂದು ಪ್ಲೇಟಿನ ಅಳತೆಗೆ ಅದು ಎಲ್ಲಿ ನಿಂತೀತು! 1930, 40ರ ದಶಕಗಳಲ್ಲಂತೂ ಸಿನಿಮಾಕ್ಕೆ ಒಮ್ಮೆ, ಪ್ಲೇಟಿಗೆ ಇನ್ನೊಮ್ಮೆ ಬೇರೆಯಾಗಿಯೇ ಹಾಡಿಸುವುದಿತ್ತು. ಅದೇ ಹಾಡು, ಅದೇ ದನಿ, ಆದರೆ ಬೇರೆ ದಿನದ ಉಸಿರು. ಇದಕ್ಕೇ ನಾನು ಪ್ಲೇಟು ಎಸೆಯಬೇಡಿ ಎನ್ನುವುದು.

ಇನ್ನು ಶ್ರುತಿ. ಇದು ನಿಮ್ಮ ಕಿವಿಗೆ ಬಿದ್ದಿದೆಯೆಂದರೆ ನಿಮ್ಮ ಕಿವಿ ಚೆನ್ನಾಗಿದೆ. ಎರಡು ಕಡೆಯೂ ತಪ್ಪಿರಬಹುದು. ನಿಮ್ಮ ಕೀಲಿ ಗ್ರಾಮಫೋನಿನ ಸ್ಪ್ರಿಂಗ್ ಹಳೆಯದು, ನಿಮಿಷಕ್ಕೆ 78 ಸುತ್ತಿನ ಬದಲು 80 ತಿರುಗಿದರೂ ಶ್ರುತಿ ಏರುತ್ತದೆ. ಸುಮಾರು 82 ಸುತ್ತು ಮುಟ್ಟಿದರೆ ಹಾರ್ಮೋನಿಯಂನಲ್ಲಿ ಹೆಚ್ಚುಕಮ್ಮಿ ಅರ್ಧ ಮನೆ ಮೇಲೆ. ಪರೀಕ್ಷೆ ಮಾಡಲು ಒಂದು ದುಂಡನೆಯ ರಟ್ಟಿನ ಅಂಚಿನಲ್ಲಿ ಸಮನಾಗಿ 77 ಕಪ್ಪು ಗೆರೆ ಎಳೆದು ತಿರುಗುವ ಪ್ಲೇಟಿನ ಮೇಲಿಟ್ಟು, ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ನೋಡಿ. ನಮ್ಮ ಕರೆಂಟು 50 ಸೈಕಲ್ಲಿನದಾದ್ದರಿಂದ ಆ ಬೆಳಕು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ಮುಂದಕ್ಕೆ ಹರಿದರೆ ವೇಗ ಹೆಚ್ಚು, ಹಿಂದಕ್ಕೆ ಹರಿದರೆ ಕಡಿಮೆ.

ಮೊಬೈಲಿನ ಕಡೆಯ ತಪ್ಪು ಬಹಳ ಜನರಿಗೆ ಗೊತ್ತಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ನಮ್ಮ ದೇಶದ ಟಿವಿ, ವಿಡಿಯೋ ಕ್ಯಾಸೆಟ್, ಡಿವಿಡಿ ಪದ್ಧತಿ 25 ಚೌಕಟ್ಟಿನದು. ರೀಲನ್ನು ವಿಡಿಯೋಗೆ ಇಳಿಸುವಾಗ 24ನ್ನು 25ರ ವೇಗದಲ್ಲೇ ಓಡಿಸಿಬಿಡುತ್ತಿದ್ದರು. ಅಂದರೆ ಶೇಕಡಾ 4ರಷ್ಟು ವೇಗ ಹೆಚ್ಚು, ಶ್ರುತಿ ಅರ್ಧ ಮನೆಗೆ ತುಸು ಕಡಿಮೆ ಮೇಲೇರುತ್ತದೆ. ಆ ವಿಡಿಯೋಗಳಿಂದ ತೆಗೆದ ಹಾಡುಗಳೇ ಇಂಟರ್ನೆಟ್ಟಿನಲ್ಲಿ ರಾಶಿ ಬಿದ್ದಿವೆ. ಮುಖೇಶ್ ದನಿ ಯಾಕೋ ತೆಳ್ಳಗಾಗಿದೆ ಅನಿಸಿದರೆ ಇದೇ ಕಾರಣ ಇರಬಹುದು. ಇದರ ಜೊತೆಗೆ 'ರಿವೈವಲ್' ಎಂಬ ಹೆಸರಿನಲ್ಲಿ ಮೂಲ ದನಿಯ ಮೇಲೆ ಹೊಸ ತಾಳವಾದ್ಯ, ಕೀಬೋರ್ಡ್ ಕೂಡಿಸಿದವು, ಮೋನೋ ಹಾಡನ್ನು ಎಳೆದಾಡಿ ಸ್ಟೀರಿಯೋ ಮಾಡಿದವು, ಸದ್ದು ತೆಗೆಯಲು ಹೋಗಿ ಸಾರಂಗಿಯ ಕೊರಳನ್ನೂ ತೆಗೆದುಬಿಟ್ಟವು ಕೂಡ ಇವೆ. ನಿಮ್ಮ ಮೇಷ್ಟ್ರು ಅಪ್ಪ ಕೇಳುತ್ತಿದ್ದ ಹಾಡು ಯಾವುದೆಂದು ಮೊಬೈಲು ನಿಮಗೆ ಖಾತ್ರಿಯಾಗಿ ಹೇಳಲಾರದು.

ಭಾವನವರ ಲಕ್ಷದ ಮಾತನ್ನು ಮಾತ್ರ ಒಪ್ಪಲಾರೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಬೆಲೆ ಬರುವುದಿಲ್ಲ. ನಾಯಿ ಚಿತ್ರದ ಎಚ್‌ಎಂವಿ ಕಂಪನಿಯ ಲೇಬಲ್ ಇದೆ ಎಂಬುದಕ್ಕೂ ಬರುವುದಿಲ್ಲ. ಯಾವ ಹಾಡು ಮನೆಮನೆಗೆ ಹೋಯಿತೋ ಅದರ ಪ್ಲೇಟು ಈಗಲೂ ಹೇರಳ. 'ಶೋಲೆ' (1975) ಚಿತ್ರದ ಹಾಡಿನ ಎಲ್‌ಪಿ, ಆಮೇಲೆ ಬಂದ ಸಂಭಾಷಣೆಯ ಎಲ್‌ಪಿ ಎರಡೂ ಎಷ್ಟು ಮಾರಾಟವಾದವೆಂದರೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಇಂದೂ ಸಿಗುತ್ತವೆ. ಸಂಗ್ರಾಹಕರು ಹುಡುಕುವುದು ಓಡದೆ ಹೋದ ಚಿತ್ರಗಳ ಪ್ಲೇಟು, 1930ರ ದಶಕದ್ದು, ಚಿಕ್ಕ ಕಂಪನಿಗಳದ್ದು, ಅದೂ ಸವೆಯದೆ ಉಳಿದದ್ದು. ಆ ಕಾಲದ ಎಷ್ಟೋ ಸಿನಿಮಾಗಳ ರೀಲುಗಳು ಹಾಳಾಗಿ, ಸುಟ್ಟು, ಬೆಳ್ಳಿಗಾಗಿ ಕರಗಿ ಹೋಗಿವೆ. ಆ ಚಿತ್ರದಲ್ಲಿ ಉಳಿದಿರುವುದು ಪ್ಲೇಟಿನ ಮೂರು ನಿಮಿಷ ಮಾತ್ರ. ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಮೊದಲ ಮಾತಿನ ಚಿತ್ರ 'ಆಲಂ ಆರಾ' (1931) ಹಾಡಿನ ಪ್ಲೇಟು ಇದೆ, ಬದಲಾಯಿಸಿಕೊಳ್ಳೋಣ ಎಂದು ಯಾರಾದರೂ ಬಂದರೆ ನಂಬಬೇಡಿ. ಆ ಹಾಡುಗಳು ಪ್ಲೇಟಾಗಿ ಬರಲೇ ಇಲ್ಲ.

ಸವೆತ ನೋಡುವುದು ಹೀಗೆ: ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಿ. ಉದ್ದಕ್ಕೂ ಕರಿ ಹೊಳಪು ಇದ್ದರೆ ಸಂತೋಷ. ಅಲ್ಲಲ್ಲಿ ಬೂದು ಪಟ್ಟೆ ಕಾಣುತ್ತಿದ್ದರೆ ಅಲ್ಲಿ ಗೆರೆ ಸವೆದಿದೆ. ಗಾಯಕರು ತಾರಸ್ಥಾಯಿಗೆ ಏರಿದ ಜಾಗದಲ್ಲೇ, ವಾದ್ಯವೃಂದ ತುಂಬಿ ನುಡಿದ ಜಾಗದಲ್ಲೇ ಈ ಬೂದು ಮೊದಲು ಬರುತ್ತದೆ. ಅಪ್ಪನಿಗೆ ಯಾವ ಹಾಡು ಹೆಚ್ಚು ಇಷ್ಟವಿತ್ತು ಎಂಬುದನ್ನು ನೀವು ಕಣ್ಣಿನಿಂದಲೇ ಓದಬಹುದು.

ಆ ಸವೆತದ ಕಾರಣ ನಿಮ್ಮ ಮನೆಯಲ್ಲೇ ಇದೆ. ಕೀಲಿ ಗ್ರಾಮಫೋನಿನಲ್ಲಿ ಮುಳ್ಳನ್ನು ಹಿಡಿದಿರುವ ದುಂಡನೆಯ ಸೌಂಡ್‌ಬಾಕ್ಸ್ ನೂರು ಗ್ರಾಮಿಗೂ ಹೆಚ್ಚು ಭಾರವನ್ನು ಒಂದು ಉಕ್ಕಿನ ಮುಳ್ಳಿನ ಮೇಲೆ ಹೇರುತ್ತದೆ. ಪ್ಲೇಟಿನ ಕಲ್ಲುಪುಡಿ ಮುಳ್ಳನ್ನು ತೇಯುತ್ತದೆ. ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ತುದಿ ಉಳಿಯಂತಾಗಿರುತ್ತದೆ. ಅದನ್ನೇ ಇನ್ನೊಂದು ಹಾಡಿಗೆ ಇಟ್ಟರೆ ಅದು ನುಡಿಸುವುದಿಲ್ಲ, ಕೆತ್ತುತ್ತದೆ. ಒಂದು ಮಗ್ಗುಲಿಗೆ ಒಂದು ಮುಳ್ಳು, ಇದು ಆಗಿನ ನಿಯಮ, ಈಗಲೂ ಅದೇ. ಮೊಮ್ಮಕ್ಕಳಿಗೆ ತೋರಿಸುವ ಆಸೆ ಇದ್ದರೆ ಹೇಗೂ ಸವೆದಿರುವ ನಾಲ್ಕು ಪ್ಲೇಟು ಬೇರೆ ತೆಗೆದಿಟ್ಟು ಹಬ್ಬದ ದಿನ ಹಾಕಿ. ಆ ಯಂತ್ರದ ಮೇಲೆ ಎಲ್‌ಪಿ ಮಾತ್ರ ಎಂದೂ ಇಡಬೇಡಿ. ಒಂದೇ ಸಲಕ್ಕೆ ಮುಗಿಯುತ್ತದೆ.

ಹಾಗಾದರೆ ಏನೇನು ಮಾಡಬಹುದು? ಏನೂ ಮಾಡದೆ ಸರಿಯಾಗಿ ಇಡುವುದೂ ಒಂದು ಒಳ್ಳೆಯ ಆಯ್ಕೆಯೇ. ಟ್ರಂಕು ಅಟ್ಟದಿಂದ ಇಳಿಯಬೇಕು, ಹೆಂಚಿನ ಕೆಳಗೆ ಬೇಸಿಗೆಯ ಝಳ, ಮಳೆಗಾಲದ ಥಂಡಿ ಎರಡೂ ಕೆಟ್ಟದ್ದು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಓರೆಯಾಗಿ ವಾಲದಂತೆ ಒತ್ತಾಗಿ. ಬೂಸ್ಟು ಹಿಡಿದ ಹಳೆಯ ಕಾಗದದ ಚೀಲ ತೆಗೆದು ಹೊಸತು ಹಾಕಿ. ಹಳೆಯದರಲ್ಲಿ ಅಂಗಡಿಯ ಹೆಸರು, ಅಪ್ಪನ ಅಕ್ಷರ ಇದ್ದರೆ ಅದನ್ನು ಬೇರೆ ಕಡೆ ಒಣಗಿಸಿಡಿ.

ಡಿಜಿಟಲ್‌ಗೆ ಇಳಿಸುವುದಾದರೆ ನೀವೇ ಮಾಡಬಹುದು, ಆದರೆ ಸೂಟ್‌ಕೇಸಿನಂಥ ಅಗ್ಗದ ಪ್ಲೇಯರ್ ನೋಡಿ ಮರುಳಾಗಬೇಡಿ. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಹಳೆಯ ಪ್ಲೇಟಿಗೆ ಬೇಕಾದದ್ದು 65ರಿಂದ 75. ಸಣ್ಣ ಮುಳ್ಳು ಅಗಲ ಗೆರೆಯ ತಳಕ್ಕೆ ಇಳಿದು ಅಲ್ಲಿನ ಕೊಳೆಯನ್ನೇ ನುಡಿಸುತ್ತದೆ. ಅನುಭವ ಇರುವವರ ಬಳಿ ಬೇರೆ ಬೇರೆ ದಪ್ಪದ ಮುಳ್ಳುಗಳಿರುತ್ತವೆ. ಉಕ್ಕಿನ ಮುಳ್ಳು ಸವೆಸಿದ ಪಟ್ಟೆಯ ಸ್ವಲ್ಪ ಮೇಲೆ ಅಥವಾ ಕೆಳಗೆ ಕೂರುವ ಮುಳ್ಳು ಆರಿಸಿದರೆ ಸತ್ತಿತೆಂದುಕೊಂಡ ಹಾಡು ಎದ್ದು ಕೂರುತ್ತದೆ. ನನ್ನ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಡುವ ಗಳಿಗೆ ಇದೇ. ಹಾಗಾಗಿ ಎಲ್‌ಪಿ ಮನೆಯಲ್ಲಿ, 78ರ ಪ್ಲೇಟು ಬಲ್ಲವರಲ್ಲಿ ಎನ್ನುವುದು ನನ್ನ ಸಲಹೆ. ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: ಎಷ್ಟು ಬಗೆಯ ಮುಳ್ಳು ಇಟ್ಟುಕೊಂಡಿದ್ದೀರಿ, ಸದ್ದು ತೆಗೆಯದ ಮೂಲ ಫೈಲನ್ನೂ ಕೊಡುತ್ತೀರಾ? ಎರಡನೆಯದಕ್ಕೆ 'ಇಲ್ಲ' ಎಂದರೆ ಬೇರೆಯವರನ್ನು ನೋಡಿ. ಎಂಪಿ3 ಬೇಡ, 24 ಬಿಟ್, 96 ಕಿಲೋಹರ್ಟ್ಸಿನ ವೇವ್ ಫೈಲ್ ಕೇಳಿ. ಮೂರು ನಿಮಿಷದ ಮಗ್ಗುಲಿಗೆ ಸುಮಾರು 100 ಎಂಬಿ ಆಗುತ್ತದೆ, ನಿಮ್ಮ 160 ಪ್ಲೇಟಿನ 320 ಮಗ್ಗುಲು ಸೇರಿ 35 ಜಿಬಿ ಆಸುಪಾಸು. ಒಂದು ಹಾರ್ಡ್‌ಡಿಸ್ಕು, ಅದರದೇ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ.

ಮನೆಯಲ್ಲಿ ಕೇಳಲು ಇಳಿಸಿಕೊಳ್ಳುವುದಕ್ಕೆ ಕಾನೂನಿನ ಅಂಜಿಕೆ ಬೇಡ. ಇಂಟರ್ನೆಟ್ಟಿಗೆ ಏರಿಸುವುದಾದರೆ ಯೋಚಿಸಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಅಂದರೆ 1949ರ ಪ್ಲೇಟಿನದು 2009ಕ್ಕೇ ಮುಗಿದಿದೆ. ಆದರೆ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಡು ಬರೆಯುತ್ತಿದ್ದ ಕವಿ ಸಾಹಿರ್ ಲುಧಿಯಾನ್ವಿ ತೀರಿಕೊಂಡದ್ದು 1980ರಲ್ಲಿ, ಅವರ ಸಾಲುಗಳ ಹಕ್ಕು 2040ರ ಕೊನೆಯವರೆಗೆ ಜೀವಂತ.

ಮಾರುವುದಾದರೆ ಪಟ್ಟಿ ಮಾಡದೆ ಮಾರಬೇಡಿ. ಲೇಬಲ್ಲಿನ ಫೋಟೋ, ಸಿನಿಮಾ, ನಂಬರ್ ಬರೆದುಕೊಳ್ಳಿ. ಟ್ರಂಕಿಗೆ ಇಷ್ಟು ಎಂದು ಒಟ್ಟು ಬೆಲೆ ಕಟ್ಟುವವರು ಆ ಒಂದೆರಡು ಅಪರೂಪದ್ದಕ್ಕೇ ಬಂದಿರುತ್ತಾರೆ. ದಾನ ಕೊಡುವ ಮನಸ್ಸಿದ್ದರೆ ಸಂಗ್ರಹ ಒಡೆಯದಂತೆ, ಕೇಳಲು ಬಂದವರಿಗೆ ಕೇಳಿಸುವ ಕಡೆ ಕೊಡಿ. ಗಾಜಿನ ಬೀರುವಿನಲ್ಲಿ ಮಲಗಿಸಲು ಬೇಡ.

'ಬಸಂತ್ ಬಹಾರ್' (1956) ಚಿತ್ರದ 'ಕೇತಕಿ ಗುಲಾಬ್ ಜೂಹಿ' ಪ್ಲೇಟು ನಿಮ್ಮಲ್ಲಿರುವುದು ಓದಿ ಖುಷಿಯಾಯಿತು. ಗದಗಿನ ಭೀಮಸೇನರು ಮನ್ನಾ ಡೇ ಎದುರು ಸ್ಪರ್ಧೆಯಲ್ಲಿ ಸೋಲುವ ಪಾತ್ರಕ್ಕೆ ಹಾಡಿದರು, ಶಂಕರ್ ಜೈಕಿಶನ್ ಸಂಗೀತ. ಬಿರುಕು ಅಂಚಿನಿಂದ ಒಳಗೆ ಹೋಗಿದ್ದರೂ ಎರಡು ಹೋಳಾಗಿಲ್ಲವಲ್ಲ. ಗ್ರಾಮಫೋನಿಗೆ ಹಾಕಬೇಡಿ, ಅಂಟು ಹಚ್ಚಬೇಡಿ, ಎರಡು ರಟ್ಟಿನ ನಡುವೆ ಇಟ್ಟು ಹಾಗೇ ತನ್ನಿ. ಹಗುರ ಮುಳ್ಳಿನಲ್ಲಿ ಒಂದೇ ಸಲ ನುಡಿಸಿದರೆ ನಿಮಿಷಕ್ಕೆ 78 'ಟಕ್' ಸದ್ದು ಬರುತ್ತದೆ, ಲೆಕ್ಕ ತಪ್ಪದೆ. ಹಾಗೆ ತಾಳಕ್ಕೆ ಬರುವುದರಿಂದಲೇ ಕಂಪ್ಯೂಟರಿನಲ್ಲಿ ಅದನ್ನು ಹೆಕ್ಕಿ ತೆಗೆಯುವುದು ಸುಲಭ.

ಕ್ಯಾಸೆಟ್ಟಿನ ಚೀಲದ ಬಗ್ಗೆ ನೀವು ಏನೂ ಕೇಳಲಿಲ್ಲ. ನಾನಾಗಿದ್ದರೆ ಮೊದಲು ಅದಕ್ಕೆ ಕೈ ಹಾಕುತ್ತಿದ್ದೆ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ ಪಕ್ಕಕ್ಕಿಡಿ, ಖಾಲಿ ಕ್ಯಾಸೆಟ್ಟಿನಲ್ಲಿ ಅಪ್ಪ ತಾವೇ ತುಂಬಿಸಿದವನ್ನು ಹುಡುಕಿ. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡಿಗೆ ಬಾಗಿಲು ಹಾಕಿದಾಗ ದೇಶವೆಲ್ಲ ಶ್ರೀಲಂಕಾದ ರೇಡಿಯೋ ಸಿಲೋನಿಗೆ ತಿರುಗಿತು, 1957ರ ಅಕ್ಟೋಬರಿನಲ್ಲಿ ಆಕಾಶವಾಣಿಯದೇ ವಿವಿಧ ಭಾರತಿ ಬಂತು. ಆ ರುಚಿ ಹತ್ತಿದವರು ಮುಂದೆ ಟೇಪ್ ರೆಕಾರ್ಡರ್ ಕೈಗೆ ಬಂದಾಗ ರೇಡಿಯೋ ಎದುರು ಇಟ್ಟು ರೇಡಿಯೋ ನಿರೂಪಕ ಅಮೀನ್ ಸಯಾನಿಯವರ ಮಾತಿನ ಸಮೇತ ಹಾಡು ಹಿಡಿಯುತ್ತಿದ್ದರು. ಅಂಥ ಟೇಪಿನಲ್ಲಿ ಹಾಡಿನ ಜೊತೆ ಮನೆಯೂ ಇರುತ್ತದೆ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಈಗಲೇ ಮುರಿಯಿರಿ, ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಹಳೆಯ ಪ್ಲೇಯರಿಗೆ ಮೊದಲು ಹೋದರೂ ಚಿಂತೆಯಿಲ್ಲ ಎನ್ನುವ ಕ್ಯಾಸೆಟ್ ಹಾಕಿ, ಟೇಪ್ ನುಂಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇವನ್ನು ಹಾಕಿ. ಪದರದಲ್ಲಿ ಬಿಳಿ ಬೂಸ್ಟು ಕಂಡರೆ ನುಡಿಸದೆ ತನ್ನಿ. ಡಿಜಿಟಲ್‌ಗೆ ಇಳಿಸುವವರು ಹಾಡಿನ ನಡುವಿನ ಕೆಮ್ಮು, ಪಾತ್ರೆಯ ಸದ್ದು, 'ಏ, ಸುಮ್ಮನಿರೋ, ರೆಕಾರ್ಡ್ ಆಗ್ತಿದೆ' ಎಂಬ ಗದರಿಕೆ ಎಲ್ಲವನ್ನೂ ಗಲೀಜು ಎಂದುಕೊಂಡು ಅಳಿಸಿಬಿಡುತ್ತಾರೆ. ಅಳಿಸಬಾರದೆಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಡಬ್ಬಿಗೂ ಅಂಟಿಸಿ ಕೊಡಿ.